ಸಚಿವರ ಬಾಯಲ್ಲಿ ನನ್ನ ವಾಕ್ಯ

ನನ್ನ ನೇಮಕಾತಿ ಪತ್ರದಲ್ಲಿ ಇಲ್ಲದ ಒಂದು ಕೆಲಸವನ್ನು ನಾನು ಎರಡು ವರ್ಷ ಬಹಳ ನಿಷ್ಠೆಯಿಂದ ಮಾಡಿದೆ. ಅದು ಸಚಿವರೊಬ್ಬರ ಕನ್ನಡ ತಿದ್ದುವ ಕೆಲಸ. ಯಾರೂ ಬಲವಂತ ಮಾಡಿರಲಿಲ್ಲ. ಬಲವಂತ ಮಾಡಿದ್ದರೆ ಖಂಡಿತ ಮಾಡುತ್ತಿರಲಿಲ್ಲ, ನನ್ನ ಸ್ವಭಾವವೇ ಹಾಗೆ. ಅವರು ನಯವಾಗಿ ಕೇಳಿದರು, ನಿಮ್ಮ ಕನ್ನಡ ಎಷ್ಟು ಚೆಂದ ಅಂದರು, ನಾನು ಕರಗಿಹೋದೆ.

ನಾನು ಕನ್ನಡ ದಿನಪತ್ರಿಕೆಯೊಂದರ ವರದಿಗಾರ್ತಿ. ಆ ಎರಡು ವರ್ಷ ಈ ಸಚಿವರನ್ನು ಬೆನ್ನು ಹತ್ತುವುದೇ ನನ್ನ ಪಾಲಿನ ಕೆಲಸ. ಬೆಳಿಗ್ಗೆ ಹಲಸೂರಿನ ಮನೆ ಬಿಟ್ಟು ಎಂಟು ಗಂಟೆಗೆ ದಂಡು ಪ್ರದೇಶದಲ್ಲಿದ್ದ ಅವರ ಬಂಗಲೆಯ ಮುಂದೆ ಸ್ಕೂಟರ್ ನಿಲ್ಲಿಸುತ್ತಿದ್ದೆ. ವರಾಂಡದಲ್ಲಿ ಅರ್ಜಿ ಹಿಡಿದವರ ಸಾಲು ಇರುತ್ತಿತ್ತು. ಪತ್ರಕರ್ತರಿಗೆ ಒಳಗೆ ಬೇರೆ ಕೋಣೆ, ಬೇರೆ ಕಾಫಿ. ಅಲ್ಲಿ ಕೂತರೆ ಹೊರಗಿನ ಸಾಲು ಕಾಣುತ್ತಿರಲಿಲ್ಲ.

ಸಚಿವರ ಮಾಧ್ಯಮ ಸಹಾಯಕ ಚುರುಕು ಮನುಷ್ಯ. ಕಲ್ಯಾಣ ನಗರದ ಕಡೆ ಬೆಳೆದವನು, ಮನೆಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಮಾತಾಡುವ ಕನ್ನಡಕ್ಕೆ ಏನೂ ಕೊರತೆ ಇರಲಿಲ್ಲ, ಬರೆಯಬೇಕು ಅಂದರೆ ಮಾತ್ರ ಕೈಕಾಲು ಬಿಡುತ್ತಿದ್ದ. ಪತ್ರಿಕಾ ಹೇಳಿಕೆಯ ಕರಡನ್ನು ಫೋನಿನಲ್ಲಿ ಟೈಪ್ ಮಾಡಿ ನನಗೂ ಬೇರೆ ಪತ್ರಿಕೆಗಳ ಇನ್ನಿಬ್ಬರಿಗೂ ಕಳಿಸುತ್ತಿದ್ದ. ಕೆಳಗೆ 'ಸ್ವಲ್ಪ ನೋಡಿ ಕೊಡಿ' ಅಂತ ಒಂದು ಸಾಲು. ಯಾರು ಮೊದಲು ತಿದ್ದಿ ಕಳಿಸುತ್ತಾರೋ ಅವರದು ವಾಟ್ಸಾಪ್ ಗ್ರೂಪಿಗೆ, ಅಲ್ಲಿಂದ ಎಲ್ಲ ಪತ್ರಿಕೆಗೆ, ಚಾನೆಲ್ಲಿಗೆ. ಹತ್ತರಲ್ಲಿ ಎಂಟು ಸಲ ಮೊದಲು ಹೋಗುತ್ತಿದ್ದುದು ನನ್ನದೇ.

ನಮ್ಮ ಪೈಕಿ ಯಾರೂ ಇದನ್ನು ತಪ್ಪು ಅಂದುಕೊಂಡಿರಲಿಲ್ಲ. ಹೇಗೂ ಅಚ್ಚಿಗೆ ಹೋಗುವ ಮೊದಲು ನಾವೇ ಅದನ್ನು ತಿದ್ದಬೇಕು, ಮುಂಚೆಯೇ ತಿದ್ದಿದರೆ ಎಲ್ಲರಿಗೂ ಅನುಕೂಲ ಎಂಬುದು ನಮ್ಮ ವಾದ. ಉಡುಗೊರೆ ತಗೊಳ್ಳುವವರನ್ನು ಕಂಡರೆ ನನಗೆ ಉರಿಯುತ್ತಿತ್ತು. ಹಬ್ಬಕ್ಕೆ ಬಂಗಲೆಯಿಂದ ಬಂದ ಸಿಹಿ ಡಬ್ಬವನ್ನು ಬಂದ ದಾರಿಯಲ್ಲೇ ಕಳಿಸಿ, ಅದನ್ನು ನಾಲ್ಕು ಜನರಿಗೆ ಹೇಳಿಕೊಂಡು ತಿರುಗಿದವಳು ನಾನು. ನನಗೆ ಸಿಗುತ್ತಿದ್ದುದು ಕಾರಿನ ಹಿಂದಿನ ಸೀಟು. ಸಚಿವರು ಎಲ್ಲಾದರೂ ಪರಿಶೀಲನೆಗೆ ಹೊರಟರೆ ಸಹಾಯಕ ನನಗೆ ಕೈ ಮಾಡುತ್ತಿದ್ದ, ನಾನು ಹತ್ತಿಕೊಳ್ಳುತ್ತಿದ್ದೆ. ಅದನ್ನು ನಾನು ಉಡುಗೊರೆ ಅಂದುಕೊಳ್ಳಲಿಲ್ಲ, ಸುದ್ದಿಮೂಲ ಅಂದುಕೊಂಡೆ.

ಆ ದಿನ ಹೋಗಿದ್ದು ಗರುಡಾಚಾರ್‌ಪಾಳ್ಯದ ಹಿಂಭಾಗಕ್ಕೆ. ಅಲ್ಲಿ ರಾಜಕಾಲುವೆಯ ಪಕ್ಕ ತಗಡಿನ ಶೆಡ್ಡುಗಳು, ಸುಮಾರು ನಲವತ್ತು ಮನೆ. ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಜಾಗ ನನ್ನದು ಎಂದವನಿಗೆ ಬಾಡಿಗೆ ಕೊಟ್ಟುಕೊಂಡು ಏಳೆಂಟು ವರ್ಷದಿಂದ ಇದ್ದರು. ಕಾಲುವೆ ಅಗಲ ಮಾಡಬೇಕು, ಹದಿನೈದು ದಿನದಲ್ಲಿ ಖಾಲಿ ಮಾಡಿ ಎಂದು ತಗಡಿಗೆ ನೋಟಿಸು ಅಂಟಿಸಿದ್ದರು. ಆರು ದಿನ ಆಗಲೇ ಕಳೆದಿತ್ತು. ಜನ ಗಲಾಟೆ ಮಾಡಿದ್ದರಿಂದ ಸಚಿವರು ಬಂದಿದ್ದರು.

ಅಲ್ಲಿ ಎಲ್ಲರ ಪರವಾಗಿ ಮಾತಾಡಿದ್ದು ಯಾದಗಿರಿ ಕಡೆಯ ಒಬ್ಬ ಹೆಂಗಸು, ಗಾರೆ ಕೆಲಸದವಳು, ನನ್ನದೇ ವಯಸ್ಸು. ಕೈಮುಗಿಯಲಿಲ್ಲ, ಅಳಲಿಲ್ಲ. ಮಕ್ಕಳ ಶಾಲೆ ಇಲ್ಲೇ ಇದೆ, ಇನ್ನೊಂದು ಜಾಗ ತೋರಿಸಿ, ನಾವೇ ತಗಡು ಕಿತ್ತುಕೊಂಡು ಹೋಗುತ್ತೇವೆ ಅಂದಳು. ಸಚಿವರು ತಲೆಯಾಡಿಸಿ, ನಿಮಗೆ ತೊಂದರೆ ಆಗದ ಹಾಗೆ ನೋಡ್ತೀವಿ ಅಂದರು. ಹೊರಡುವ ಮುಂಚೆ ನಾನು ಆಕೆಗೆ ನನ್ನ ನಂಬರನ್ನೂ ಶಿವಾಜಿನಗರದ ಒಬ್ಬ ವಕೀಲರ ನಂಬರನ್ನೂ ಕೊಟ್ಟೆ. ಇಂಥ ಕೇಸುಗಳನ್ನು ಬಡವರಿಗಾಗಿ ನಡೆಸುತ್ತಿದ್ದ ವಯಸ್ಸಾದ ಮನುಷ್ಯ ಅವರು. ಅಷ್ಟು ಮಾಡಿದ್ದು ಒಳ್ಳೆಯ ಕೆಲಸವೇ.

ವಾಪಸ್ ಬರುವಾಗ ಕೆ.ಆರ್. ಪುರದ ಸೇತುವೆಯ ಹತ್ತಿರ ಕಾರು ಸಿಕ್ಕಿಹಾಕಿಕೊಂಡಿತು. ಸಚಿವರು ಕಿಟಕಿಯ ಕಡೆ ನೋಡುತ್ತಾ, "ಪಾಪ ಎಲ್ಲಿಗಮ್ಮ ಹೋಗ್ತಾರೆ ಇವ್ರು, ಏನಾದ್ರೂ ವ್ಯವಸ್ಥೆ ಆಗೋವರ್ಗೂ ಬೇಡ ಅನ್ನಣ" ಅಂದರು. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ಗೊತ್ತಾಗಲಿಲ್ಲ. ಆಮೇಲೆ ಒಂದು ಫೋನ್ ಬಂತು, ಮಾತು ಬೇರೆ ಕಡೆ ಹೋಯಿತು.

ನಾಲ್ಕು ಗಂಟೆಗೆ ಕರಡು ಬಂತು. 'ನಿವಾಸಿಗಳ ಅಹವಾಲನ್ನು ಸಹಾನುಭೂತಿಯಿಂದ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ಹಸಿ ಬಟ್ಟೆಯ ಹಾಗೆ ಜೋತುಬಿದ್ದ ವಾಕ್ಯ. ಇಂಥದ್ದನ್ನು ನಾನು ನೂರಾರು ಸಲ ಅಚ್ಚಿಗೆ ಕಳಿಸಿದ್ದೆ. ಅವತ್ತು ಮನಸ್ಸಾಗಲಿಲ್ಲ. ಆ ಹೆಂಗಸಿನ ಮುಖ ಕಣ್ಣ ಮುಂದೆ ಇತ್ತು, ಕಾರಿನ ಮಾತು ಕಿವಿಯಲ್ಲಿತ್ತು. ಅದನ್ನು ಅಳಿಸಿ, 'ಪರ್ಯಾಯ ವಸತಿ ಕಲ್ಪಿಸುವವರೆಗೆ ಇಲ್ಲಿನ ಒಂದು ಮನೆಯನ್ನೂ ಮುಟ್ಟುವುದಿಲ್ಲ. ಇದು ನಾನು ಕೊಡುತ್ತಿರುವ ಮಾತು' ಎಂದು ಬರೆದೆ. ಸಚಿವರಿಗೆ ಒಮ್ಮೆ ತೋರಿಸಿ ಅಂತಲೂ ಸೇರಿಸಿದೆ. ಎರಡು ನಿಮಿಷಕ್ಕೆ 'ಓಕೆ ಮೇಡಂ, ಸೂಪರ್' ಎಂದು ಬಂತು, ಜೊತೆಗೆ ಹೆಬ್ಬೆರಳಿನ ಗುರುತು.

ಐದು ಗಂಟೆಗೆ ಹೇಳಿಕೆ ಗ್ರೂಪಿಗೆ ಬಿತ್ತು. ನಾನು ಇಂದಿರಾನಗರದ ಕಚೇರಿಯಲ್ಲಿ ಕೂತು, ಅದನ್ನು ಅಲ್ಲಿಂದ ಎತ್ತಿಕೊಂಡು, ಉದ್ಧರಣ ಚಿಹ್ನೆಯ ನಡುವೆ ಇಟ್ಟು, ಸಚಿವರು ಸ್ಪಷ್ಟಪಡಿಸಿದರು ಎಂದು ವರದಿ ಮಾಡಿದೆ. ನಾನೇ ಬರೆದ ವಾಕ್ಯವನ್ನು ಕೇಳಿಸಿಕೊಂಡವಳ ಹಾಗೆ ಬರೆದೆ. ಆಗ ಒಂದು ಕ್ಷಣವೂ ಅಳುಕಲಿಲ್ಲ ಎನ್ನುವುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಮರುದಿನ ಮುಖಪುಟದಲ್ಲಿ ನನ್ನ ಹೆಸರಿನೊಂದಿಗೆ ಬಂತು. ಬೇರೆ ಪತ್ರಿಕೆಗಳಲ್ಲೂ ಅದೇ ವಾಕ್ಯ. ಸಚಿವರು ಅಲ್ಲಗಳೆಯಲಿಲ್ಲ. ಜನ ಹಾರ ತಂದರೆ ಕುತ್ತಿಗೆ ಕೊಟ್ಟರು.

ಮೂರನೇ ದಿನ ಆ ಹೆಂಗಸು ಫೋನ್ ಮಾಡಿದಳು. ಮಗಳು ಪತ್ರಿಕೆಯ ತುಂಡನ್ನು ಕತ್ತರಿಸಿ ನೋಟಿಸಿನ ಮೇಲೇ ಅಂಟಿಸಿದ್ದಾಳಂತೆ. ವಕೀಲರ ಹತ್ತಿರವೂ ಹೋಗಿ ಬಂದಿದ್ದರು. ಗಡುವು ಮುಗಿಯುವ ಮುಂಚೆ ತಡೆಯಾಜ್ಞೆ ಕೇಳಬೇಕು, ಎಲ್ಲ ಮನೆಯವರೂ ಆಧಾರ್ ಪ್ರತಿ ಹಿಡಿದು ಬಂದು ಸಹಿ ಹಾಕಬೇಕು ಎಂದು ಅವರು ಹೇಳಿದ್ದರಂತೆ. ಎಲ್ಲರೂ ಕೆಲಸ ಬಿಟ್ಟು ಬರಬೇಕು, ಮೇಸ್ತ್ರಿ ಬೇರೆಯವರನ್ನು ಹಾಕಿಕೊಂಡುಬಿಡುತ್ತಾನೆ. ಅದಕ್ಕೇ ನನ್ನನ್ನು ಕೇಳಿದಳು.

"ಯಕ್ಕಾ, ಸಾಹೇಬ್ರು ಪೇಪರ್‌ನ್ಯಾಗ ಮಾತು ಕೊಟ್ಟಾರಲ್ರಿ. ಮತ್ತ ಕೋರ್ಟಿಗಿ ಹೋಗಬೇಕೇನ್ರಿ?"

ನಾನು ಆಗ ಬಂಗಲೆಯ ಕಾಫಿ ಕೋಣೆಯಲ್ಲಿದ್ದೆ. "ಸದ್ಯಕ್ಕೆ ಬೇಡ ಅನ್ಸುತ್ತಮ್ಮ, ಬರವಣಿಗೆಲೇ ಕೊಟ್ಟಿದ್ದಾರಲ್ಲ" ಅಂದೆ.

ಇದಕ್ಕೆ ನಾನು ಏನೇನೋ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಯಾವುದೂ ನಿಲ್ಲುವುದಿಲ್ಲ. ಅದು ಯಾರ ಬರವಣಿಗೆ ಎಂದು ಭೂಮಿಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಎರಡು ದಿನ ಎಲ್ಲ ಕಡೆ ಓದಿ ಓದಿ, ಅದು ಅವರದೇ ಮಾತು ಅಂತ ನಾನೂ ನಂಬಿಬಿಟ್ಟಿದ್ದೆ.

ಗಡುವು ಮುಗಿದು ನಾಲ್ಕನೇ ದಿನ ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ಆಕೆ ಏನು ಹೇಳುತ್ತಿದ್ದಾಳೆ ಎಂದು ಕೇಳಿಸಲಿಲ್ಲ, ಹಿಂದೆ ಯಂತ್ರದ ಸದ್ದು ಮಾತ್ರ ಕೇಳಿಸಿತು. ಹಲಸೂರಿನಿಂದ ಸ್ಕೂಟರಿನಲ್ಲಿ ಹೊರಟವಳು ಟಿನ್ ಫ್ಯಾಕ್ಟರಿ ಹತ್ತಿರ ಮುಕ್ಕಾಲು ಗಂಟೆ ನಿಂತೆ. ಅಲ್ಲಿಂದಲೇ ಸಹಾಯಕನಿಗೆ ಒಂಬತ್ತು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ನಾನು ಹೋಗುವಷ್ಟರಲ್ಲಿ ಅರ್ಧ ಸಾಲು ಮಲಗಿತ್ತು. ಜನ ಪಾತ್ರೆ, ಹಾಸಿಗೆ, ಗ್ಯಾಸ್ ಸಿಲಿಂಡರ್ ರಸ್ತೆಗೆ ತಂದು ಇಟ್ಟಿದ್ದರು. ಆ ಹೆಂಗಸು ಪತ್ರಿಕೆಯ ತುಂಡನ್ನು ಜೆಸಿಬಿ ಡ್ರೈವರನ ಮುಂದೆ ಹಿಡಿದಿದ್ದಳು. ಅವನೂ ಕಲಬುರಗಿ ಕಡೆಯವನಂತೆ. ಯಂತ್ರ ನಿಲ್ಲಿಸಿ, ಇಳಿದು ಬಂದು, ಅದನ್ನು ಕೊನೆಯವರೆಗೂ ಓದಿದ. "ಬರದದ್ದು ಖರೇ ಅದ ಯವ್ವಾ, ಆದ್ರ ನನಗ ಯಾರೂ ಹೇಳಿಲ್ಲಲ್ಲ" ಎಂದು ವಾಪಸ್ ಕೊಟ್ಟು ಮತ್ತೆ ಹತ್ತಿ ಕೂತ.

ನಾನು ಎಂಜಿನಿಯರ್ ಹತ್ತಿರ ಹೋಗಿ ಫೋನಿನಲ್ಲಿ ಹೇಳಿಕೆ ತೋರಿಸಿದೆ. ಅವರು ಒರಟಾಗಿ ಮಾತಾಡಲಿಲ್ಲ. ಇದು ಪತ್ರಿಕಾ ಹೇಳಿಕೆ ಮೇಡಂ, ನನಗೆ ಬೇಕಾದ್ದು ಆದೇಶ, ನನ್ನ ಕೈಯಲ್ಲಿರೋ ಆದೇಶ ಇದು ಎಂದು ಕಡತ ತೋರಿಸಿದರು. ಅದನ್ನು ನಿಲ್ಲಿಸುವ ಯಾವ ಕಾಗದವೂ ಯಾವ ಕಚೇರಿಯಿಂದಲೂ ಬಂದಿರಲಿಲ್ಲ. ಹೇಳಿಕೆ ಪತ್ರಿಕೆಗಳಿಗೆ ಹೋಗಿತ್ತು, ಹೋಗಬೇಕಾದ ಒಂದೇ ಒಂದು ಟೇಬಲ್ಲಿಗೆ ಹೋಗಿರಲಿಲ್ಲ. ಹೋಗಿದೆಯೇ ಎಂದು ಕೇಳುವುದು ವರದಿಗಾರ್ತಿಯ ಮೊದಲ ಕೆಲಸ, ನಾನು ಕೇಳಿರಲಿಲ್ಲ.

ಹತ್ತು ಗಂಟೆಗೆ ಸಹಾಯಕ ತಾನೇ ಫೋನ್ ಮಾಡಿದ. ದನಿಯಲ್ಲಿ ಬೆದರಿಕೆ ಇರಲಿಲ್ಲ, ಸ್ವಲ್ಪ ಮರುಕವೇ ಇತ್ತು.

"ಸಾಹೇಬ್ರು ಹಾಗೆ ಹೇಳೇ ಇಲ್ಲ ಅಂತಿದ್ದಾರೆ ಮೇಡಂ. ಆ ಸೆಂಟೆನ್ಸು ನಿಮ್ದೇ ಅಲ್ವಾ? ನಂದು ಒರಿಜಿನಲ್ ಡ್ರಾಫ್ಟು ಇನ್ನೂ ಇದೆ."

ಅವರಿಗೆ ತೋರಿಸಿ ಅಂದಿದ್ದೆ, ನೀವು ಓಕೆ ಅಂದಿರಲ್ಲ ಅಂದೆ. ಅವತ್ತು ಅವರು ಮದುವೆಯೊಂದರಲ್ಲಿ ಇದ್ದರು, ನೀವು ಬರೆದಿದ್ದು ಯಾವಾಗಲೂ ಸರಿ ಇರುತ್ತೆ ಅಂತ ನಾನೇ ಓಕೆ ಅಂದೆ ಅಂದ. ಎರಡು ವರ್ಷ ನಾನು ಸಂಪಾದಿಸಿದ ವಿಶ್ವಾಸ ಅದು.

ಮಧ್ಯಾಹ್ನ ಸಚಿವರು ಬಂಗಲೆಯ ಮೆಟ್ಟಿಲ ಮೇಲೆ ನಿಂತು, ಪರಿಶೀಲಿಸ್ತೀವಿ ಅಂದಿದ್ದೆ ಅಷ್ಟೇ, ಪತ್ರಿಕೆಯವರು ಏನೋ ಬರ್ಕೊಂಡ್ರು ಅಂದರು. ನನ್ನ ಜೊತೆ ಅದೇ ಕರಡು ಪಡೆದಿದ್ದ ಇನ್ನಿಬ್ಬರು ಅಲ್ಲೇ ನಿಂತು ತಲೆ ತಗ್ಗಿಸಿ ಬರೆದುಕೊಂಡರು. ನಾನು ಕೈ ಎತ್ತಿ ಪ್ರಶ್ನೆ ಕೇಳಬೇಕಿತ್ತು. ಏನಂತ ಕೇಳುವುದು? ನಾನು ಬರೆದದ್ದನ್ನು ನೀವು ಯಾಕೆ ನಡೆಸಿಕೊಡಲಿಲ್ಲ ಅಂತಲೇ?

ಕಚೇರಿಗೆ ಬಂದು ವರದಿ ಬರೆಯಲು ಕೂತೆ. ಮೊದಲ ಪ್ರತಿಯಲ್ಲಿ ಕೊಟ್ಟ ಮಾತಿಗೆ ತಪ್ಪಿದ ಸಚಿವರು ಎಂದು ಶುರು ಮಾಡಿದೆ. ಓದಲು ಬಿಸಿಯಾಗಿತ್ತು, ಅರ್ಧ ಸುಳ್ಳಾಗಿತ್ತು. ಎರಡನೇ ಪ್ರತಿಯಲ್ಲಿ ಮಾತಿನ ವಿಷಯವನ್ನೇ ಕೈಬಿಟ್ಟೆ. ಆಗ ಆ ಜನ ಯಾಕೆ ಕೋರ್ಟಿಗೆ ಹೋಗಲಿಲ್ಲ ಎನ್ನುವುದಕ್ಕೆ ಉತ್ತರವೇ ಇರಲಿಲ್ಲ, ಅವರು ದಡ್ಡರ ಹಾಗೆ ಕಂಡರು. ಮೂರನೆಯದರಲ್ಲಿ ಎಲ್ಲ ಬರೆದೆ. ಕಾರು, ಕರಡು, ಹೆಬ್ಬೆರಳು, ಫೋನಿನಲ್ಲಿ ನಾನು ಹೇಳಿದ ಬೇಡ. ಸಂಜೆ ಆರಕ್ಕೆ ಅದನ್ನು ಸಂಪಾದಕರ ಮೇಜಿನ ಮೇಲೆ ಇಟ್ಟೆ. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ.

ಸಂಪಾದಕರು ಎರಡು ಸಲ ಓದಿದರು. ಕನ್ನಡಕ ತೆಗೆದು, "ಎರಡು ವರ್ಷದಲ್ಲಿ ಆಯಪ್ಪ ಹೇಳಿದ್ದರಲ್ಲಿ ನಿಂದೆಷ್ಟು, ಆಯಪ್ಪಂದೆಷ್ಟು?" ಎಂದು ಕೇಳಿದರು.

"ನಂಗೇ ನೆನಪಿಲ್ಲ ಸಾರ್."

"ಓದುಗರು ಕೇಳಿದ್ರೆ ನಾನೇನ್ ಹೇಳ್ಲಿ?"

ಅವರು ಬೈದಿದ್ದರೆ ಸಮಾಧಾನವಾಗುತ್ತಿತ್ತು. ತಪ್ಪೊಪ್ಪಿಗೆಯನ್ನು ಡ್ರಾಯರಿನಲ್ಲಿಟ್ಟು, ಬೇರೊಬ್ಬ ವರದಿಗಾರನನ್ನು ಕರೆದು ಹೊಸದಾಗಿ ಬರೆಸಿದರು. ತೆರವು ಕಾರ್ಯಾಚರಣೆ, ಇಷ್ಟು ಶೆಡ್ಡು, ನಿವಾಸಿಗಳ ಅಳಲು, ಕೊನೆಯಲ್ಲಿ ಸಚಿವರ ನಿರಾಕರಣೆ. ಐದನೇ ಪುಟದಲ್ಲಿ ಎರಡು ಕಾಲಂ. ಒಂದು ವಾರದೊಳಗೆ ನನ್ನನ್ನು ಪುರವಣಿಗೆ ಹಾಕಿದರು. ಈಗ ನಾನು ನೂರಡಿ ರಸ್ತೆಯಲ್ಲಿ ಹೊಸದಾಗಿ ತೆರೆದ ಹೋಟೆಲುಗಳ ಬಗ್ಗೆ ಬರೆಯುತ್ತೇನೆ. ಆ ಇನ್ನಿಬ್ಬರಲ್ಲಿ ಒಬ್ಬ ಫೋನ್ ಮಾಡಿ, ಸುಮ್ಮನಿರೋದು ಬಿಟ್ಟು ಯಾಕೆ ಹೇಳಕ್ಕೆ ಹೋದ್ರಿ, ನಾವೂ ಎಲ್ಲ ಡಿಲೀಟ್ ಮಾಡ್ಬೇಕಾಯ್ತು ಎಂದು ಬೇಜಾರು ಮಾಡಿಕೊಂಡ.

ಪತ್ರಿಕೆ ಬಿಟ್ಟರೆ ನನಗೆ ಉಳಿದಿದ್ದ ದಾರಿ ವಕೀಲರದ್ದು. ಶಿವಾಜಿನಗರದಲ್ಲಿ ಒಂದು ಗಡಿಯಾರ ರಿಪೇರಿ ಅಂಗಡಿಯ ಮೇಲೆ ಅವರ ಕಚೇರಿ. ಮನೆ ಕಳೆದುಕೊಂಡವರಿಗೆ ಬದಲಿ ಜಾಗ ಕೊಡಿಸಿ ಎಂದು ಅವರು ಅರ್ಜಿ ತಯಾರು ಮಾಡುತ್ತಿದ್ದರು. ಎಲ್ಲ ಪತ್ರಿಕೆಗಳ ತುಂಡುಗಳನ್ನೂ ಸಾಲಾಗಿ ಜೋಡಿಸಿಟ್ಟಿದ್ದರು. ಇಷ್ಟೊಂದು ಕಡೆ ಬಂದರೂ ಮನೆ ಕೆಡವುವವರೆಗೆ ಸಚಿವರು ಅಲ್ಲಗಳೆಯಲಿಲ್ಲ, ಜನ ನಂಬಿ ಕೋರ್ಟಿಗೆ ಬರಲಿಲ್ಲ ಎಂಬುದೇ ಅವರ ವಾದದ ಬೆನ್ನೆಲುಬು. ನನ್ನನ್ನು ನೋಡಿದ್ದೇ ಖುಷಿಯಾದರು. ಸಚಿವರು ಈ ಮಾತನ್ನು ನನ್ನ ಎದುರೇ ಆಡಿದರು ಎಂದು ಒಂದು ಪ್ರಮಾಣಪತ್ರ ಕೊಡು, ಅರ್ಜಿಗೆ ಜೀವ ಬರುತ್ತದೆ ಅಂದರು.

ನಾನು ಎಲ್ಲ ಹೇಳಿದೆ, ಕಾರಿನಲ್ಲಿ ಸಚಿವರು ಗೊಣಗಿಕೊಂಡದ್ದನ್ನೂ; ಅದು ಕೊಟ್ಟ ಮಾತಾಗುವುದಿಲ್ಲ ಎಂದು ವಕೀಲರು ಅಂದರು. ಸತ್ಯದ ಪ್ರಮಾಣಪತ್ರ ಕೊಡುತ್ತೇನೆ, ನಾನೇ ಬರೆದೆ, ಸಹಾಯಕ ಒಪ್ಪಿದ, ಎಲ್ಲಕ್ಕೂ ಫೋನಿನಲ್ಲಿ ದಾಖಲೆ ಇದೆ ಅಂದೆ. ಅವರು ಆ ತುಂಡುಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಕಡತಕ್ಕೆ ಸೇರಿಸಿದರು.

"ದೇಖೋ ಬೇಟಿ, ಇವ್ರ ಕೈಯಲ್ಲಿ ಇರೋದು ಇದೊಂದೇ, ಮಿನಿಸ್ಟರ್ ಮಾತು. ನೀನು ಬಂದು ಇದು ನಂದು ಅಂದ್ರೆ ಅದೂ ಹೋಯ್ತು. ನಿನ್ನ ಮನಸ್ಸು ಹಗುರ ಆಗುತ್ತೆ, ಇವ್ರ ಅರ್ಜಿ ಅಲ್ಲೇ ಸಾಯುತ್ತೆ."

ಸುಳ್ಳು ಹೇಳು ಎಂದು ಅವರು ಕೇಳಲಿಲ್ಲ. ನಾನೂ ಹೇಳುವವಳಲ್ಲ. ಸತ್ಯ ಹೇಳಿದರೆ ಆ ಜನಕ್ಕೆ ನಷ್ಟ, ಸುಳ್ಳು ಹೇಳಿದರೆ ಲಾಭವಾಗಬಹುದು, ಸುಮ್ಮನಿದ್ದರೆ ಇದ್ದ ಹಾಗೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳಿಗೆ ಸತ್ಯ ಹೇಳುವ ಧೈರ್ಯ ಬೇಕು ಎಂದು ಮಾತ್ರ ಗೊತ್ತಿತ್ತು. ಧೈರ್ಯವಿದ್ದೂ ಬಾಯಿ ಮುಚ್ಚಿಕೊಂಡಿರಬೇಕಾದ ಜಾಗಕ್ಕೆ ನಾನೇ ನನ್ನನ್ನು ತಂದು ನಿಲ್ಲಿಸಿಕೊಂಡಿದ್ದೆ. ಯಾವ ಪ್ರಮಾಣಪತ್ರವನ್ನೂ ಕೊಡದೆ ಮೆಟ್ಟಿಲು ಇಳಿದೆ. ರಸ್ತೆಯಲ್ಲಿ ಅಳು ಬಂತು, ಅತ್ತೆ.

ಅರ್ಜಿ ಪತ್ರಿಕೆಯ ತುಂಡುಗಳ ಮೇಲೇ ನಡೆಯಿತು. ಆ ತಿಂಗಳುಗಳಲ್ಲಿ ಆಕೆ ನಾಲ್ಕೈದು ಸಲ ಫೋನ್ ಮಾಡಿದಳು. ನೀವು ಬಂದು ಹೇಳಿದರೆ ಆಗುತ್ತಂತಲ್ಲ ಯಕ್ಕಾ, ಯಾಕೆ ಬರುತ್ತಿಲ್ಲ ಎಂದು ಕೇಳಿದಳು. ಪತ್ರಿಕೆಯವರು ಕೋರ್ಟಿನಲ್ಲಿ ಸಾಕ್ಷಿ ಹೇಳುವ ಹಾಗಿಲ್ಲ ಎಂದು ಇಲ್ಲದ ನಿಯಮವೊಂದನ್ನು ಹೇಳಿದೆ. ಸುಳ್ಳು ಹೇಳುವವಳಲ್ಲ ಎಂದು ಈಗಷ್ಟೇ ಬರೆದೆನಲ್ಲ, ಇದೊಂದನ್ನು ಬಿಟ್ಟು. ಕೊನೆಗೆ ಪತ್ರಿಕಾ ಹೇಳಿಕೆ ಸರ್ಕಾರದ ಆದೇಶವಲ್ಲ, ಯಾರ ಎದುರು ಯಾವಾಗ ಆಡಿದ ಮಾತು ಎಂಬುದಕ್ಕೂ ಆಧಾರವಿಲ್ಲ ಎಂದು ಅರ್ಜಿ ವಜಾ ಆಯಿತು.

ಇನ್ನು ನಾನು ಸತ್ಯ ಹೇಳಿದರೆ ಹಾಳಾಗುವುದೇನೂ ಉಳಿದಿರಲಿಲ್ಲ, ಅದರಿಂದ ಆಗುವ ಉಪಯೋಗವೂ ಇರಲಿಲ್ಲ. ಆದರೂ ಹೋದೆ. ಆಕೆ ಆಗ ಕಲ್ಯಾಣ ನಗರದಲ್ಲಿ ಕಟ್ಟುತ್ತಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಕೆಲಸಕ್ಕಿದ್ದಳು. ಕೆ.ಆರ್. ಪುರದ ಹತ್ತಿರ ಒಂದೇ ಕೋಣೆಯಲ್ಲಿ ಎರಡು ಸಂಸಾರ, ಮಗಳು ಶಾಲೆ ಬಿಟ್ಟು ಯಾವುದೋ ಮನೆಗೆಲಸಕ್ಕೆ ಹೋಗುತ್ತಿದ್ದಳು. ಊಟದ ಹೊತ್ತಿಗೆ ಇಟ್ಟಿಗೆ ರಾಶಿಯ ಪಕ್ಕ ಕೂತಿದ್ದೆವು. ನಾನು ಒಂದನ್ನೂ ಬಿಡದೆ ಹೇಳಿದೆ. ಕರಡು ಎಂದರೇನು, ಹೇಳಿಕೆ ಹೇಗೆ ತಯಾರಾಗುತ್ತದೆ ಎನ್ನುವುದನ್ನೆಲ್ಲ ಬಿಡಿಸಿ ಹೇಳಬೇಕಾಯಿತು. ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು.

"ಅಂದ್ರ ಸಾಹೇಬ್ರು ಮಾತೇ ಕೊಟ್ಟಿದ್ದಿಲ್ಲನ್ರಿ?"

"ಇಲ್ಲ. ಅದು ನಾನು ಬರ್ದಿದ್ದು."

ಬೈಯುತ್ತಾಳೆ ಎಂದು ಕಾದೆ. ಬೈಯಲಿ ಎಂದೇ ಬಂದಿದ್ದೆ ಅನ್ನಿಸುತ್ತದೆ. ಆಕೆ ನನ್ನ ಮುಖವನ್ನೇ ನೋಡುತ್ತಾ, ಲೆಕ್ಕ ಸರಿ ಮಾಡಿಕೊಳ್ಳುವವಳ ಹಾಗೆ ನಿಧಾನವಾಗಿ ಹೇಳಿದಳು.

"ಹಂಗಾದ್ರ ನಮಗ ಮಾತು ಕೊಟ್ಟಾಕಿ ನೀವು. ಅಲ್ರಿ ಯಕ್ಕಾ?"

ನಾನು ಹೌದು ಅಂದೆ. ಆಕೆ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ಮೇಸ್ತ್ರಿ ಮೇಲಿನಿಂದ ಕೂಗಿದ. ಸಿಂಬೆ ತಲೆಯ ಮೇಲಿಟ್ಟುಕೊಂಡು ಎದ್ದು ನಿಂತು, ಹಾಗಾದರೆ ಕೊಟ್ಟ ಮಾತಿಗೆ ಈಗ ಏನು ಮಾಡುತ್ತೀರಿ ಎಂದು ಕೇಳಿದಳು. ಕೋಪದಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ಮೇಸ್ತ್ರಿ ಇನ್ನೊಮ್ಮೆ ಕೂಗಿದರೂ ನನ್ನ ಉತ್ತರಕ್ಕೆ ಕಾಯುತ್ತ ಅಲ್ಲೇ ನಿಂತಿದ್ದಳು.